ದಾಖಲಾದ ದಿನವೇ ವೈದ್ಯರಿಗೆ ಹೇಳಿ: ‘ಇವರು ಕುಡಿಯುತ್ತಾರೆ’

ಕಾಲು ಮುರಿದು ಆಸ್ಪತ್ರೆ ಸೇರಿದವರಿಗೆ ಮೂರನೆಯ ದಿನ ಇದ್ದಕ್ಕಿದ್ದಂತೆ ಕೈನಡುಕ, ಬೆವರು, ಎದುರಿಗಿಲ್ಲದವರೊಡನೆ ಮಾತು. ಔಷಧಿ ಒಗ್ಗಲಿಲ್ಲವೆಂದು ಮನೆಯವರು ಹೆದರುತ್ತಾರೆ. ಹಲವು ಬಾರಿ ಕಾರಣ ಬೇರೆಯೇ: ದಿನವೂ ಮದ್ಯಕ್ಕೆ ಒಗ್ಗಿದ್ದ ದೇಹಕ್ಕೆ ಅದು ಒಮ್ಮೆಲೇ ನಿಂತಿದೆ. ಕೊನೆಯ ಕುಡಿತದ 6 ಗಂಟೆಗಳ ನಂತರ ನಡುಕ ಶುರುವಾಗಬಹುದು. ಎರಡು ಮೂರು ದಿನಗಳಲ್ಲಿ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಅದು ಪ್ರಾಣಕ್ಕೇ ಅಪಾಯ. ಮೊದಲೇ ತಿಳಿದಿದ್ದರೆ ವೈದ್ಯರು ಸೂಕ್ತ ಔಷಧಿ ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವ ನೀಡಿ ಇದನ್ನು ಬಹುಮಟ್ಟಿಗೆ ತಡೆಯಬಲ್ಲರು. ನಾವಾದರೋ ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ.

ಕುಡಿತದ ಪ್ರಮಾಣ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿ ಹೊರತಂದಿತು. ಒಟ್ಟು ಅಂಕ 40. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ ಬೇಕು. ಒಂದೇ ಬಾರಿಗೆ ಆರು ಅಥವಾ ಅದಕ್ಕಿಂತ ಹೆಚ್ಚು ಅಳತೆ ಕುಡಿಯುವುದೆಷ್ಟು ಸಲ ಎಂಬುದೂ ಅದರಲ್ಲೊಂದು ಪ್ರಶ್ನೆ. 30 ಮಿಲಿಲೀಟರ್ ವಿಸ್ಕಿ ಅಥವಾ ಬ್ರಾಂಡಿ ಒಂದು ಅಳತೆ. ‘ಬರೀ ಒಂದು ಕ್ವಾರ್ಟರ್’ ಎಂದರೆ 180 ಮಿಲಿಲೀಟರ್, ಅಂದರೆ ಸರಿಯಾಗಿ ಆರು! ನಮ್ಮ ರೋಸ್ ಸಮಾರಂಭಗಳಲ್ಲಿ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಪ್ರಶ್ನೆಗಳಾದ ಮೇಲೆ ಹತ್ತು ಹದಿನೈದು ನಿಮಿಷಗಳ ಮಾತುಕತೆ. ಇದು ಪ್ರಬೋಧನೆಯಲ್ಲ (ಧರ್ಮಗುರುಗಳಾದ ನಮಗೆ ಇದು ಕಷ್ಟವೇ). ಹಾಸಿಗೆ ಹಿಡಿದವನು ‘ನನಗೇಕೆ ಹೀಗಾಯಿತು’ ಎಂದು ತಾನೇ ಯೋಚಿಸುತ್ತಿರುತ್ತಾನೆ. ಅವನ ಕಾಯಿಲೆಗೂ ಕುಡಿತಕ್ಕೂ ಇರುವ ನಂಟನ್ನು ತಿಳಿಸಿ, ಮುಂದೇನೆಂದು ಅವನ ಬಾಯಿಂದಲೇ ಹೇಳಿಸಬೇಕು.

ನೆರೆಯ ಗೋವಾದ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರೇ ಇಂಥ ಒಂದರಿಂದ ನಾಲ್ಕು ಭೇಟಿಗಳನ್ನು ನಡೆಸಿದರು. ಇದರ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ಬಳಿಕ ನೋಡಿದಾಗ, ಹಿಂದಿನ 14 ದಿನ ಮದ್ಯ ಮುಟ್ಟದವರು ಶೇಕಡ 42. ಈ ಭೇಟಿಗಳಿಲ್ಲದ ಗುಂಪಿನಲ್ಲಿ ಶೇಕಡ 18. ಅವರು ಹಾನಿಕರವಾಗಿ ಕುಡಿಯುವ, ಆದರೆ ಇನ್ನೂ ಪೂರ್ಣ ದಾಸರಾಗದ ಗಂಡಸರು ಎಂಬುದನ್ನು ಮರೆಯಬಾರದು. ದಾಸರಾದವರಿಗೆ ಮಾತು ಸಾಲದು, ಮನೋವೈದ್ಯರ ಚಿಕಿತ್ಸೆ ಬೇಕು. ಅಂಥವರನ್ನು ಮನೆಯಲ್ಲೇ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಗಾಂಜಾ ಮುಂತಾದ ಮಾದಕ ವಸ್ತುಗಳ ವಿಷಯದಲ್ಲಿ ಕಿರು ಮಾತುಕತೆಯ ಫಲ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಆದರೂ ವೈದ್ಯರಿಗೆ ತಿಳಿಸಲೇಬೇಕು.

ಪರಮಪ್ರಸಾದ ಒಯ್ಯುವವರು, ರೋಗಿಗಳನ್ನು ಭೇಟಿಯಾಗುವ ವಿನ್ಸೆಂಟ್ ಪಾವ್ಲ್ ಸಭೆಯವರು ಮನೆಯವರನ್ನು ಬದಿಗೆ ಕರೆದು ಮೆಲ್ಲಗೆ ಕೇಳಬಹುದು: ‘ಡಾಕ್ಟರಿಗೆ ಹೇಳಿದ್ದೀರಾ?’ ವ್ಯಸನಮುಕ್ತಿಗೆ ಸರಕಾರದ ಉಚಿತ ಸಹಾಯವಾಣಿ 14446.