ತೇಲುವ ಅರಮನೆ, ಓಡುವ ಅರಮನೆ

ಸಾಗರ ದಾಟುವ ಉಗಿಹಡಗುಗಳಲ್ಲಿ ಮೊದಮೊದಲು ವೈಭೋಗಕ್ಕೆ ಎಡೆಯಿರಲಿಲ್ಲ. ಇಕ್ಕಟ್ಟಾದ ಕೋಣೆ, ಎಂಜಿನ್ನಿನ ಗದ್ದಲ, ಓಲಾಟಕ್ಕೆ ಬರುವ ವಾಂತಿ ಇವೇ ಪ್ರಯಾಣಿಕರ ಪಾಲಿಗೆ. 1871ರಲ್ಲಿ ವೈಟ್ ಸ್ಟಾರ್ ಕಂಪನಿಯ ‘ಓಷಿಯಾನಿಕ್’ ಮೊದಲ ದರ್ಜೆಯ ಕೋಣೆಗಳನ್ನು ಓಲಾಟ ಕಡಿಮೆಯಿರುವ ನಡುಭಾಗಕ್ಕೆ ತಂದಿತು. ಆಮೇಲೆ ಕಂಪನಿಗಳು ಅಲಂಕಾರದಲ್ಲಿ ಪೈಪೋಟಿಗಿಳಿದವು. ಪ್ಯಾರಿಸ್ಸಿನ ರಿಟ್ಜ್ ಹೋಟೆಲಿನ ವಾಸ್ತುಶಿಲ್ಪಿ ಶಾರ್ಲ್ ಮೇವೆಸ್ ಜರ್ಮನ್ ಹಡಗುಗಳ ಒಳಾಂಗಣ ರೂಪಿಸಿದ. 1913ರ ‘ಇಂಪರೇಟರ್’ನಲ್ಲಿ ರೋಮನ್ ಮಾದರಿಯ ಈಜುಕೊಳವೇ ಇತ್ತು. ಆದರೆ ಮೇಲ್ಭಾಗದ ಭಾರ ಹೆಚ್ಚಾಗಿ ಹಡಗು ವಾಲತೊಡಗಿದಾಗ ಸ್ನಾನಗೃಹಗಳ ಅಮೃತಶಿಲೆ ಕೀಳಬೇಕಾಯಿತು, ತಳಕ್ಕೆ ಸಿಮೆಂಟು ಸುರಿಯಬೇಕಾಯಿತು. 1929ರಲ್ಲಿ ಮುಂಬಯಿಗೆ ಬರತೊಡಗಿದ ‘ವೈಸ್‌ರಾಯ್ ಆಫ್ ಇಂಡಿಯಾ’ದ ಹೆಸರಿನಲ್ಲಷ್ಟೇ ಭಾರತವಿತ್ತು, ಅದರ ಧೂಮಪಾನದ ಕೋಣೆಗೆ ಹಳೆಯ ಬ್ರಿಟಿಷ್ ಕೋಟೆಮನೆಯ ಧಾಟಿ. ಕಾಲ ಕೆಳಗೆ ಸಮುದ್ರವಿದೆ ಎಂಬುದನ್ನೇ ಮರೆಸುವುದು ಇಂಥ ಅಲಂಕಾರದ ಕೆಲಸವಾಗಿತ್ತು.

ಕರ್ನಾಟಕದಲ್ಲಿ ಈ ಪರಂಪರೆ ಹಳಿಯ ಮೇಲೆ ಬಂತು. ಮೈಸೂರಿನ ರೈಲು ಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನು ಬೋಗಿ ಇದೆ. ಅದು ಅರಮನೆಯವರಿಗೆ ಮಾತ್ರ. ದುಡ್ಡು ಕೊಟ್ಟವರಿಗೆಲ್ಲ ಅಂಥ ಸುಖ ಸಿಕ್ಕಿದ್ದು 2008ರ ಮಾರ್ಚಿನಲ್ಲಿ, ರಾಜ್ಯ ಪ್ರವಾಸೋದ್ಯಮ ನಿಗಮ ಮತ್ತು ರೈಲ್ವೆ ಸೇರಿ ‘ಗೋಲ್ಡನ್ ಚಾರಿಯಟ್’ ರೈಲು ಓಡಿಸಿದಾಗ. ಹಂಪಿಯ ಕಲ್ಲಿನ ರಥವೇ ಹೆಸರಿಗೆ ಮೂಲ. ಕದಂಬ, ಗಂಗ, ರಾಷ್ಟ್ರಕೂಟ, ಚಾಲುಕ್ಯ, ಹೊಯ್ಸಳ ಹೀಗೆ ನಾಡನ್ನಾಳಿದ ಮನೆತನಗಳ ಹೆಸರಿನ 11 ಬೋಗಿಗಳಲ್ಲಿ ತಲಾ ನಾಲ್ಕರಂತೆ 44 ಕೋಣೆಗಳಿದ್ದವು. ಊಟಕ್ಕೆ ‘ನಳ’ ಮತ್ತು ‘ರುಚಿ’, ಪಾನಕ್ಕೆ ‘ಮದಿರಾ’, ವ್ಯಾಯಾಮಕ್ಕೆ ‘ಆರೋಗ್ಯ’. ಹಡಗಿನಂತೆ ಇಲ್ಲಿ ಎತ್ತರದ ಸಭಾಂಗಣ, ಹರಡಿಕೊಂಡ ಮೆಟ್ಟಿಲು ಸಾಧ್ಯವಿಲ್ಲ. ಬೋಗಿಯ ಅಗಲ ಮೂರು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆದ್ದರಿಂದ ಕಲಾವಿದರ ಶ್ರಮವೆಲ್ಲ ಮರದ ಕೆತ್ತನೆ, ಚಾವಣಿ, ಬಟ್ಟೆಗಳ ಮೇಲೆ.

ಕಿಟಕಿಯಾಚೆಯ ನಾಡನ್ನೇ ಒಳಗೆ ತರುವ ಈ ಯೋಚನೆ ಹಡಗಿನವರ ಯೋಚನೆಗೆ ತದ್ವಿರುದ್ಧ, ಅದಕ್ಕಿಂತ ಪ್ರಾಮಾಣಿಕ ಕೂಡ. ಕೊರತೆಯೂ ಉಂಟು: ರೈಲು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ದಾರಿ ತೋರಿಸಿದರೂ ಅಲಂಕಾರದಲ್ಲಿ ಹೊಯ್ಸಳ, ಮೈಸೂರು ಛಾಯೆಯೇ ಮುಂದು. ಚಾಲುಕ್ಯ ಶಿಲ್ಪದ ಬಿಗಿಯಾದ ಚೆಲುವು ಬೇಕಾದವರು ಗದಗ ಜಿಲ್ಲೆಯ ರೋಣ, ಸೂಡಿ, ಸವಡಿಯ ಗುಡಿಗಳಿಗೇ ಹೋಗಬೇಕು. ಐದು ರಾತ್ರಿಯ ರೈಲುಪ್ರವಾಸಕ್ಕೆ ಒಬ್ಬರಿಗೆ ಸುಮಾರು 4 ಲಕ್ಷ ರೂಪಾಯಿ. ಸವಡಿಗೆ ಬಸ್ಸಿನ ಚಾರ್ಜು ಸಾಕು.