ಕ್ಲೋಸ್‌ಪೇಟೆಯ ಕಲ್ಲು

ಟಿಪ್ಪು ಕಾಲದಲ್ಲಿ ಶಂಸರಾಬಾದ್, ಆಮೇಲೆ ಮೈಸೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ, ಸ್ವಾತಂತ್ರ್ಯ ಬಂದ ಮೇಲೆ ಕೆಂಗಲ್ ಹನುಮಂತಯ್ಯನವರಿಂದ ರಾಮನಗರ. ಊರು ಒಂದೇ. ಕ್ಲೋಸ್ ಸಾಹೇಬನನ್ನು ಊರು ಮರೆತರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ಸುತ್ತಲಿನ ಬೆಟ್ಟಗಳ ಕಲ್ಲಿಗೆ ಅವರು ಇಂದಿಗೂ ಹೇಳುವುದು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ. ಸುಮಾರು 250 ಕೋಟಿ ವರ್ಷದ ಈ ಕಲ್ಲು ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೂ ಪಟ್ಟಿಯಂತೆ ಚಾಚಿಕೊಂಡಿದೆ.

ಅದರೆದುರು ರಾಮನಗರ ಜಿಲ್ಲೆ ಇನ್ನೂ ಎಳೆಗೂಸು. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಹುಟ್ಟಿತು; 2007ರ ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಅದರಿಂದಲೂ ಪಾಲು ತೆಗೆದುಕೊಂಡು ಬೇರೆ ಒಲೆ ಹೂಡಿದವು. ಆಮೇಲೆ ಹಾರೋಹಳ್ಳಿಯೂ ತಾಲ್ಲೂಕಾಯಿತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಡಲು ಒಪ್ಪಿಗೆ ಕೊಟ್ಟಿತು. ಸೈಟು ಮಾರುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲ.

ಮಾಗಡಿಯಲ್ಲಿ ನಿಂತು ನೋಡಿದರೆ ಲೆಕ್ಕ ತಿರುಗಾಮುರುಗಾ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಕಿತ್ತುಕೊಂಡಾಗ ಕೆಂಪೇಗೌಡರ ಮನೆತನ ಬಂದು ನೆಲೆನಿಂತದ್ದು ಇಲ್ಲಿ. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯುವವರೆಗೆ ಆ ಮನೆತನವೇ ಆಳಿತು. ಒಂದೇ ಬಂಡೆಯಂತೆ ಎದ್ದು ನಿಂತ 1,226 ಮೀಟರ್ ಎತ್ತರದ ಆ ದುರ್ಗವನ್ನು 1791ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಕಸಿದುಕೊಂಡಿತು.

ಕಲ್ಲಿನ ಸೀಮೆಯ ಜನ ಬದುಕಿದ್ದು ಮಾತ್ರ ಮೆತ್ತನೆಯ ವಸ್ತುಗಳ ಮೇಲೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ವಾರಗಟ್ಟಲೆ ಹುಳುವಿಗೆ ಸೊಪ್ಪು ಹಾಕಿ ಬಂದ ರೈತ ಗೂಡಿನ ಲಾಟು ಸುರಿದು ಕಾಯುತ್ತಾನೆ. ನೂಲು ತೆಗೆಯುವ ರೀಲರ್ ಒಂದು ಹಿಡಿ ಎತ್ತಿ ಅದುಮಿ ನೋಡಿ ಹರಾಜಿಗೆ ನಿಲ್ಲುತ್ತಾನೆ. ಆ ಅದುಮುವಿಕೆಯಲ್ಲೇ ತಿಂಗಳ ದುಡಿಮೆಯ ಬೆಲೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ರಸ್ತೆಬದಿಯಲ್ಲಿ ಒರಗಿಸಿಟ್ಟ ಆ ತಟ್ಟೆಗಳನ್ನು ಹೊಸಬರು ಅಲಂಕಾರವೆಂದುಕೊಂಡರೆ ಆಶ್ಚರ್ಯವಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆಯಾಗುವ ಹಾಲೆಮರದ ತುಂಡು ಗಿರ್ರನೆ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಸಾಕು, ಉಜ್ಜಿದ ಕಾವಿಗೇ ಕರಗಿ ಬಣ್ಣ ಹಿಡಿಯುತ್ತದೆ. ಹೊಳಪಿಗೆ ತಾಳೆಗರಿ.

ರಾಮದೇವರ ಬೆಟ್ಟವನ್ನು ದೇಶಕ್ಕೆಲ್ಲ ತೋರಿಸಿದ್ದು 1975ರ ‘ಶೋಲೆ’. ಗಬ್ಬರ್ ಸಿಂಗ್ ಹೋದ, ಬಂಡೆಯಂಚಿನ ಉದ್ದಕೊಕ್ಕಿನ ರಣಹದ್ದುಗಳು ಉಳಿದವು. 2012ರಲ್ಲಿ ಬೆಟ್ಟ ಅವುಗಳ ರಕ್ಷಿತಧಾಮವಾಯಿತು.

ಕನಕಪುರದ ಕಡೆ ಹೊರಟರೆ ಜೊತೆಗೆ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ ಬಂದ ಹೊಳೆಗೆ ದಾರಿಯಲ್ಲಿ ಬೆಂಗಳೂರಿನಿಂದ ಬರುವ ವೃಷಭಾವತಿ ಸೇರುತ್ತದೆ. ‘ಬೆಂಗಳೂರು’ ಎಂಬ ಹೆಸರು ಜಿಲ್ಲೆಯ ಬೋರ್ಡಿಗೆ ಬರುವ ಎಷ್ಟೋ ವರ್ಷ ಮೊದಲೇ ಆ ನಗರದ ಕೊಳಚೆ ಈ ಹೊಳೆಯಲ್ಲಿ ಇಳಿದು ಬಂದಿದೆ. ನೊರೆಯೆದ್ದ ಆ ನೀರನ್ನೇ ಹೊತ್ತು ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಕೆಳಗೆ ಮೇಕೆದಾಟು; ಅಲ್ಲಿ ಕಾವೇರಿ ಮೈ ಕಿರಿದು ಮಾಡಿಕೊಂಡು ಕಲ್ಲಿನ ಸಂದಿಗೆ ಇಳಿಯುತ್ತಾಳೆ.