ಬಯಲ ಹಂದರದ ಲಗ್ನ

ಲಗ್ನವೆಂದರೆ ಮಂಗಲ ಕಾರ್ಯಾಲಯ ಎಂಬ ಭಾವನೆ ಈಗ ನಮ್ಮ ಹಳ್ಳಿಗಳಲ್ಲಿಯೂ ಬೇರೂರಿದೆ. ಇದರೊಡನೆ ತರುಣರಲ್ಲಿ ಇನ್ನೊಂದು ಬಯಕೆಯೂ ಹುಟ್ಟಿದೆ. ಗೋಡೆಗಳಿಲ್ಲದ ಕಡೆ, ಗಿಡಮರಗಳ ನಡುವೆ, ಸಾಧ್ಯವಾದರೆ ಅಭಯಾರಣ್ಯದಲ್ಲಿಯೇ ಅಕ್ಕಿಕಾಳು ಬೀಳಬೇಕೆಂಬುದು ಆ ಬಯಕೆ. ಬಯಲಿನಲ್ಲಿ ಲಗ್ನ ಎಲ್ಲಿ ಆಗಬಹುದು, ಎಲ್ಲಿ ಆಗಬಾರದು, ಅದರಿಂದ ಪ್ರಯೋಜನವೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇದನ್ನು ವಿಚಾರಿಸಲು ಕಾರಣನಾದವನು ನನ್ನ ಆಪ್ತ ಗೆಳೆಯ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಹಿರಿಯ; ಪಿ.ಯು.ಸಿ. ಮುಗಿಸಿ ರಾಮದುರ್ಗದಲ್ಲಿ ಮಗ್ಗದ ಕೆಲಸಕ್ಕೆ ನಿಂತವನು. ಅವನ ಅಕ್ಕನ ಲಗ್ನಕ್ಕೆ ಮಾಡಿದ ಸಾಲ ಇನ್ನೂ ತೀರಿಲ್ಲ. ಮನೆಗಿರುವುದು ಎರಡು ಎಕರೆ ಒಣಬೇಸಾಯದ ಹೊಲ. ತನ್ನ ಲಗ್ನಕ್ಕಾಗಿ ಅದನ್ನು ಒತ್ತೆ ಇಡಬಾರದೆಂದು ಅವನ ಹಟ. ಪರದೇಶದ ಉದ್ಯಾನಗಳಲ್ಲಿ ನಡೆದ ಲಗ್ನಗಳ ಚಿತ್ರ ನೋಡಿದ್ದ ಅವನು, “ನೀ ಕಾಲೇಜ ಓದಾಂವ. ಅಡವ್ಯಾಗ ಲಗ್ನಾ ಮಾಡಾಕ ಕಾಯ್ದೆ ಬಿಡತೈತೇನು, ನೋಡಿ ಹೇಳು” ಎಂದನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿನಿಂದ ಗೆಳೆಯನಿಗೆ ಆಗಬಹುದಾದ ಉಪಕಾರ ಇಷ್ಟಾದರೂ ಇರಲೆಂದು ಹುಡುಕತೊಡಗಿದೆ.

ನಮ್ಮ ರಾಜ್ಯದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡವು 2011ರಲ್ಲಿ ವನ್ಯಜೀವಿಧಾಮವಾಯಿತು. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯದೆಗೆ ಒಳಪಟ್ಟಿವೆ. ಒಳಗೆ ಹೋಗಲು ಯಾವ ಯಾವ ಕಾರಣಕ್ಕೆ ಅಪ್ಪಣೆ ಕೊಡಬಹುದೆಂದು ಅದರ 28ನೆಯ ಕಲಮು ಹೇಳುತ್ತದೆ: ವನ್ಯಜೀವಿಗಳ ಅಧ್ಯಯನ, ಛಾಯಾಚಿತ್ರಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಡನೆ ಕಾಯದೆಬದ್ಧ ವ್ಯವಹಾರ. ಲಗ್ನದ ಹೆಸರು ಅಲ್ಲಿಲ್ಲ. ಇದು ಯೋಗ್ಯವೇ ಆಗಿದೆ. ನಮ್ಮ ಲಗ್ನಕ್ಕೆ ಹಲಗೆ, ಬಾಜಾ, ಒಲೆಯ ಬೆಂಕಿ, ನೂರಾರು ಜನ ಬೇಕು. ಬೇಸಿಗೆಯ ಒಣ ಅಡವಿಯಲ್ಲಿ ಒಂದು ಕಿಡಿ ಸಾಕು. ಉಳಿದ ಅನ್ನಕ್ಕೆ ರುಚಿ ಹತ್ತಿದ ಪ್ರಾಣಿ ಮುಂದೆ ಊರಿನ ದಾರಿ ಹಿಡಿದೀತು. ಅಮೆರಿಕೆಯ ಯೊಸೆಮಿಟಿಯಂಥ ಉದ್ಯಾನಗಳಲ್ಲಿ ಲಗ್ನಕ್ಕೆ ಪರವಾನಿಗೆ ಸಿಗುತ್ತದೆ ನಿಜ. ಆದರೆ ಅಲ್ಲಿಯೂ ಅದಕ್ಕೆ ಶುಲ್ಕವುಂಟು, ಜಾಗವೂ ಜನಸಂಖ್ಯೆಯೂ ಗೊತ್ತುಪಡಿಸಿದಷ್ಟೇ.

ಅಡವಿ ಬೇಡವೆಂದಾದ ಮೇಲೆ ಉಳಿದ ಪ್ರಶ್ನೆ, ಬೇರೆ ಬಯಲಿನಲ್ಲಿ ಆಗಬಹುದೇ ಎಂಬುದು. 1955ರ ಹಿಂದೂ ವಿವಾಹ ಕಾಯದೆಯು ವರನಿಗೆ 21, ವಧುವಿಗೆ 18 ವರುಷ ತುಂಬಿರಬೇಕೆನ್ನುತ್ತದೆ; ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯಂತೆ ಲಗ್ನವಾಗಬೇಕೆನ್ನುತ್ತದೆ. ಛಾವಣಿ ಇರಬೇಕೆಂದು ಎಲ್ಲಿಯೂ ಹೇಳುವದಿಲ್ಲ. ನೋಂದಣಿಯನ್ನು ಮಾತ್ರ ಮರೆಯಬಾರದು. ನಮ್ಮ ರಾಜ್ಯದಲ್ಲಿ ಅದಕ್ಕಾಗಿ 1976ರ ಕಾಯದೆಯಿದೆ.

ವಿಚಾರ ಮಾಡಿ ನೋಡಿದರೆ ಬಯಲ ಲಗ್ನ ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರ ಲಗ್ನಗಳೆಲ್ಲ ಹಂದರದ ಕೆಳಗೇ ಆದವು. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಕಣ ಬರಿದಾಗುತ್ತದೆ. ಅದು ಮೊದಲೇ ಸಮ ಮಾಡಿ, ಸಗಣಿಯಿಂದ ಸಾರಿಸಿ ಗಟ್ಟಿಗೊಳಿಸಿದ ನೆಲ. ಮುಂಗಾರಿ ಬಿತ್ತಿಗೆ ಇನ್ನೂ ವೇಳೆ ಇರುವದರಿಂದ ರೈತನಿಗೂ ಬಿಡುವು. ನೆಲ, ವೇಳೆ, ಜನ ಮೂರೂ ಕೂಡಿಬರುವ ಕಾಲವಿದು. ಗೆಳೆಯನ ತಂದೆಗೆ ಇದನ್ನೇ ಹೇಳಿದೆ: “ಕಾಕಾ, ಕಣಾ ನಿಮ್ಮದೈತಿ, ದುಡಿಯಾಕ ನಾವದೀವಿ.” ಅವರು ಬಹಳ ಹೊತ್ತು ಸುಮ್ಮನಿದ್ದು, “ಮಂದಿ ಏನಂದಾರೋ ತಮ್ಮಾ?” ಎಂದರು. ಅವರನ್ನು ಒಪ್ಪಿಸಲು ಎಂಟು ದಿನ ಹಿಡಿಯಿತು.

ಹಂದರ ಹಾಕುವದರಲ್ಲಿಯೂ ಒಂದು ಶಾಸ್ತ್ರವಿದೆ. ಮೊದಲು ಹಾಲಗಂಬ ನೆಟ್ಟು ಪೂಜಿಸುತ್ತಾರೆ. ಆಮೇಲೆ ಗಳ ಕಟ್ಟಿ, ಮೇಲೆ ತೆಂಗಿನ ಗರಿ, ಬೇವಿನ ತಪ್ಪಲು ಹೊದಿಸುತ್ತಾರೆ. ತಪ್ಪಲಿನ ಸಂದಿಯಿಂದ ಗಾಳಿ ಆಡುವದರಿಂದ ತಗಡಿನ ಕೆಳಗಿನ ಧಗೆ ಇಲ್ಲಿರುವದಿಲ್ಲ. ವೈಶಾಖದ ಸಂಜೆಗೆ ಗಾಳಿಮಳೆಯ ಭಯವುಂಟು. ಆದ್ದರಿಂದ ಮುಂಜಾನೆಯ ಮುಹೂರ್ತವೇ ಮೇಲು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಒಳಗೆ ಕೂಡ್ರಿಸಿ ಎರೆಯುವ ಸುರಗಿಯ ನೀರಿಗೂ ಬಯಲೇ ಅನುಕೂಲ.

ಖರ್ಚಿನ ಗುಟ್ಟು ಇರುವದು ‘ಮುಯ್ಯಿ’ ಎಂಬ ಮಾತಿನಲ್ಲಿ. ಲಗ್ನದಲ್ಲಿ ಕೊಟ್ಟ ಕಾಣಿಕೆಯನ್ನು ಇನ್ನೊಂದು ಲಗ್ನದಲ್ಲಿ ತಿರುಗಿ ಸಲ್ಲಿಸುವದು ಮುಯ್ಯಿ. ಒಬ್ಬರ ಹೊಲದಲ್ಲಿ ದುಡಿದು, ಅವರಿಂದ ತನ್ನ ಹೊಲದಲ್ಲಿ ದುಡಿತ ಪಡೆಯುವದು ಮುಯ್ಯಾಳು. ಬಯಲ ಲಗ್ನ ಈ ಎರಡನ್ನೂ ಕೂಡಿಸುತ್ತದೆ. ನನ್ನ ಗೆಳೆಯನ ಲಗ್ನದಲ್ಲಿ ಗಳ ಒಬ್ಬರ ಮನೆಯವು, ಹಂಡೆ-ಕೊಳಗ ಇನ್ನೊಬ್ಬರವು. ಗೋದಿ ಹುಗ್ಗಿಯ ಗೋದಿಯನ್ನು ಓಣಿಯ ಹೆಣ್ಣುಮಕ್ಕಳು ಕುಟ್ಟಿದರು. ನಾವು ಗೆಳೆಯರು ಎರಡು ದಿನ ನೀರು ಹೊತ್ತೆವು, ಪಂಕ್ತಿಯಲ್ಲಿ ಬಡಿಸಿದೆವು, ಬಾಳೆಎಲೆ ಬಳಿದು ತಿಪ್ಪೆಗೆ ಹಾಕಿದೆವು. ಹೊಲ ಒತ್ತೆ ಬೀಳಲಿಲ್ಲ. “ಮಂದಿ ಏನಂದಾರೋ” ಎಂದಿದ್ದ ಕಾಕಾ, ಉಂಡವರಿಗೆ ತಾವೇ ಎಲೆಅಡಿಕೆ ಕೊಡುತ್ತ ನಿಂತಿದ್ದರು.

ಸರಳ ಲಗ್ನ ಬಡವರ ಪಾಲಿನದಷ್ಟೇ ಎಂದು ಭಾವಿಸುವವರು ಕುವೆಂಪು ಅವರನ್ನು ನೆನೆಯಬೇಕು. ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಲಗ್ನವನ್ನು ಅವರು 1966ರಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ, ಮೂಡಿಗೆರೆ ಸೀಮೆಯ ಚಿತ್ರಕೂಟ ತೋಟದಲ್ಲಿ, ಆಡಂಬರವಿಲ್ಲದೆ ನೆರವೇರಿಸಿದರು. ಮರಗಳ ನಡುವೆ ಲಗ್ನವಾಗಬೇಕೆಂಬ ಬಯಕೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ವಿದ್ಯಾರ್ಥಿಮಿತ್ರರೇ, ನಮ್ಮಲ್ಲಿ ಅನೇಕರ ಲಗ್ನಗಳು ಇನ್ನು ಕೆಲವೇ ವರ್ಷಗಳಲ್ಲಿ ಬರಲಿವೆ. ಹುಲಿ, ಜಿಂಕೆಗಳ ಅಡವಿಯನ್ನು ಅವುಗಳಿಗೇ ಬಿಡೋಣ. ನಮ್ಮ ಊರಿನ ಕಣಗಳು ಬೇಸಿಗೆಯಲ್ಲಿ ಬರಿದಾಗಿಯೇ ಇರುತ್ತವೆ. ಗಳ ಹೊರಲು ನಾಲ್ಕು ಜನ ಗೆಳೆಯರಿದ್ದರೆ ಸಾಕು. ಲಗ್ನವೂ ಆದೀತು, ಹೊಲವೂ ಉಳಿದೀತು.